ಮಳೆ ಬಂದಾಗ ಏಳುವ ವಾಸನೆ

ಜೂನ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ‘ಬೇಸಿಗೆಯಲ್ಲಿ ಏನೂ ಇರಲಿಲ್ಲ ಸಾರ್, ಮಳೆ ಶುರುವಾದ ಮೇಲೆ ಮನೆಯೆಲ್ಲ ನಾಯಿ ಉಚ್ಚೆ ವಾಸನೆ’ ಅಂತ ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾರೆ. ಬೆಂಗಳೂರಿನಲ್ಲಿ ಮನೆ ಕ್ಲೀನಿಂಗ್ ಕೆಲಸಕ್ಕೆ ಇಳಿದು ಹದಿನಾಲ್ಕು ವರ್ಷ ಆಯಿತು. ಹೆಚ್ಚಿನ ಕೆಲಸ ಬಾಡಿಗೆ ಮನೆಗಳದ್ದೇ. ಅದೂ ಖಾಲಿ ಮಾಡುವುದಕ್ಕೆ ನಾಲ್ಕು ದಿನ ಇರುವಾಗ!

ಹೋದ ವರ್ಷ ಜುಲೈನಲ್ಲಿ ಜಯನಗರದ ಕಡೆ ಒಂದು ಫರ್ನಿಶ್ಡ್ ಫ್ಲಾಟಿಗೆ ಹೋಗಿದ್ದೆ. ಗಂಡ, ಹೆಂಡತಿ, ಒಂದು ಬೆಕ್ಕು. ಬೆಡ್‌ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ನಮ್ಮ ಕಡೆ ಇದು ಅಪರೂಪ. ಹಳೆಯ ಫರ್ನಿಶ್ಡ್ ಫ್ಲಾಟುಗಳಲ್ಲಿ, ವಿಲ್ಲಾಗಳ ಹೋಂ ಥಿಯೇಟರ್ ರೂಮಿನಲ್ಲಿ ನೋಡಿದ್ದೇನೆ, ಅಷ್ಟೇ. ಓನರ್ ಆಗಲೇ ಬಂದು, ಮೂಗು ಮುಚ್ಚಿಕೊಂಡು, ಪೂರ್ತಿ ಕಾರ್ಪೆಟ್ ಬದಲಿಸುವ ಖರ್ಚನ್ನು ಅಡ್ವಾನ್ಸ್‌ನಲ್ಲಿ ಮುರ್ಕೊಳ್ತೀನಿ ಅಂದು ಹೋಗಿದ್ದರು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹೋಗುವುದು ಹೇಗೂ ಇದ್ದದ್ದೇ. ಅದರ ಮೇಲೆ ಇದು.

ಬಾಗಿಲು ತೆಗೆದಾಗ ಮೂಗಿಗೆ ಬಡಿದದ್ದು ಒಂದು ವಾಸನೆಯಲ್ಲ, ನಾಲ್ಕು. ಫಿನಾಯಿಲ್, ಲ್ಯಾವೆಂಡರ್ ಸ್ಪ್ರೇ, ಸಾಂಬ್ರಾಣಿ, ಇವುಗಳ ಅಡಿಯಿಂದ ಬೆಕ್ಕಿನ ಉಚ್ಚೆಯ ಘಾಟು. ಬಸ್‌ಸ್ಟ್ಯಾಂಡ್ ಶೌಚಾಲಯದಲ್ಲಿ ಮಲ್ಲಿಗೆ ಬುಟ್ಟಿ ಇಟ್ಟ ಹಾಗೆ. ‘ವಿನೆಗರ್‌ಗೆ ಸೋಡಾಪುಡಿ ಕಲಸಿ ಕೂಡ ಹಾಕಿದ್ವಿ, ಬುಸ್ ಅಂತ ನೊರೆ ಬಂತು’ ಅಂದರು ಆ ಮೇಡಂ. ನೊರೆ ಬರುತ್ತದೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಒಂದು ಹುಳಿ, ಒಂದು ಕ್ಷಾರ. ಸೇರಿದ ತಕ್ಷಣ ಒಂದನ್ನೊಂದು ತಿಂದು ಮುಗಿಸುತ್ತವೆ. ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆಬೇರೆಯಾಗಿ ಹಾಕಿದ್ದರೆ ಎರಡಕ್ಕೂ ಸ್ವಲ್ಪ ಕೆಲಸ ಇತ್ತು.

ಈ ವಾಸನೆ ಮಳೆಗಾಲದಲ್ಲೇ ಯಾಕೆ ಏಳುತ್ತದೆ? ಅಡುಗೆಮನೆಯ ಉಪ್ಪಿನ ಡಬ್ಬಿ ನೆನಪಿಸಿಕೊಳ್ಳಿ. ಜುಲೈನಲ್ಲಿ ಉಪ್ಪು ನೀರೊಡೆಯುತ್ತದೆ, ಅಲ್ವಾ? ಉಚ್ಚೆ ಒಣಗಿದ ಜಾಗದಲ್ಲೂ ಲವಣ ಉಳಿದಿರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಅದು ನೀರು ಹೀರಿಕೊಂಡು ಮತ್ತೆ ಒದ್ದೆಯಾಗುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಕಣ್ಣು ಉರಿಸುವ ಘಾಟು ಅದೇ. ಬೆಕ್ಕಿನದ್ದು ಇನ್ನೊಂದು ಕೈ ಮೇಲು. ಅದರ ಉಚ್ಚೆಯಲ್ಲಿ ಫೆಲಿನಿನ್ ಅನ್ನುವ ಒಂದು ಅಮೈನೋ ಆಮ್ಲ ಇರುತ್ತದೆ. ದಿನ ಕಳೆದಂತೆ ಅದು ಒಡೆದು ಗಂಧಕದ ವಾಸನೆ ಬಿಡುತ್ತದೆ. ಸಂತಾನಹರಣದ ಆಪರೇಷನ್ ಮಾಡಿಸದ ಗಂಡು ಬೆಕ್ಕಿನಲ್ಲಿ ಇದು ತುಂಬಾ ಜಾಸ್ತಿ.

ಇನ್ನೊಂದು ಸಂಗತಿ. ಮನೆಯವರಿಗೆ ವಾಸನೆ ಗೊತ್ತಾಗುವುದಿಲ್ಲ. ಅವರದ್ದು ಸುಳ್ಳಲ್ಲ, ಮೂಗು ಒಗ್ಗಿಹೋಗಿರುತ್ತದೆ. ನನಗೂ ಹತ್ತು ನಿಮಿಷಕ್ಕೆ ಹಾಗೇ ಆಗುತ್ತದೆ. ಅದಕ್ಕೇ ಆಗಾಗ ಕಾರಿಡಾರಿಗೆ ಹೋಗಿ ನಿಂತು ಬರುತ್ತೇನೆ. ಸಿಗರೇಟ್ ಸೇದೋಕೆ ಹೋದ ಅಂದುಕೊಳ್ಳುತ್ತಾರೆ.

ಬಾಟಲಿ ತೆರೆಯುವ ಮುಂಚೆ ಜಾಗ ಹುಡುಕಬೇಕು. ನನ್ನ ಹತ್ತಿರ 365 ನ್ಯಾನೋಮೀಟರಿನ ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇದೆ. ಲೈಟ್ ಆರಿಸಿ, ಪರದೆ ಎಳೆದು ಬಿಟ್ಟರೆ ಹಳೆಯ ಉಚ್ಚೆ ಮಾಸಲು ಹಳದಿ ಬಣ್ಣಕ್ಕೆ ಹೊಳೆಯುತ್ತದೆ. ಬಟ್ಟೆ ಸೋಪಿನ ಕಲೆಯೂ ನೀಲಿಯಾಗಿ ಹೊಳೆಯುತ್ತದೆ, ಮೋಸ ಹೋಗಬಾರದು. ಕೊನೆಗೆ ಮಂಡಿ ಊರಿ ಮೂಸಿಯೇ ಖಾತ್ರಿ ಮಾಡಿಕೊಳ್ಳಬೇಕು. ಮರ್ಯಾದೆಯ ಕೆಲಸವಲ್ಲ, ಆದರೆ ಬೇರೆ ದಾರಿ ಇಲ್ಲ. ಸಿಕ್ಕ ಜಾಗದ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತೇನೆ. ಆ ಫ್ಲಾಟಿನಲ್ಲಿ ಅವರು ಇಡೀ ರೂಮಿಗೆ ಫಿನಾಯಿಲ್ ಚಿಮುಕಿಸಿದ್ದರು. ಟಾರ್ಚಿಗೆ ಸಿಕ್ಕಿದ್ದು ಎರಡೇ ಜಾಗ. ಮಂಚದ ಕಾಲಿನ ಪಕ್ಕ ಒಂದು, ಬಾಲ್ಕನಿ ಬಾಗಿಲ ಮೂಲೆಯಲ್ಲಿ ಒಂದು.

ಫಿನಾಯಿಲ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬೆಕ್ಕಿರುವ ಮನೆಯಲ್ಲಿ ಅದು ಬೇಡ. ಕರಿ ಫಿನಾಯಿಲ್ ಅಂತೂ ಬೇಡವೇ ಬೇಡ. ಅದರಲ್ಲಿರುವ ಫೀನಾಲಿನಂಥ ವಸ್ತುಗಳನ್ನು ಬೆಕ್ಕಿನ ಲಿವರ್ ಅರಗಿಸಲಾರದು. ತುಳಿದು ಪಂಜ ನೆಕ್ಕಿಕೊಂಡರೆ ಸಾಕು, ವಿಷ. ಬ್ಲೀಚಿಂಗ್ ಪೌಡರ್ ಇನ್ನೂ ಅಪಾಯ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಎದೆ ಸುಡುವ ಗಾಳಿ ಏಳುತ್ತದೆ. ಕಿಟಕಿ ಮುಚ್ಚಿದ ರೂಮಿನಲ್ಲಿ ಯಾರೋ ಹೀಗೆ ಮಾಡಿ ಕೆಮ್ಮುತ್ತಾ ಹೊರಗೆ ಓಡಿಬಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ಜಾಗ ಸಿಕ್ಕಿತು. ಈಗ ಆಳ ನೋಡಬೇಕು. ಇಲ್ಲೇ ಎಲ್ಲರೂ ಎಡವುವುದು. ಕಾರ್ಪೆಟ್ ಅಂದರೆ ಮೇಲಿನ ಎಳೆ ಮಾತ್ರ ಅಲ್ಲ. ಅದರ ಕೆಳಗೆ ಸೆಣಬಿನದೋ ಪ್ಲಾಸ್ಟಿಕ್ಕಿನದೋ ಬೆನ್ನು, ಅದನ್ನು ಹಿಡಿದಿಡುವ ಅಂಟು, ಅದರ ಕೆಳಗೆ ಸ್ಪಾಂಜಿನ ಹಾಸು, ಕೊನೆಗೆ ನೆಲ. ನಾಲ್ಕು ಕಿಲೋ ತೂಗುವ ಬೆಕ್ಕು ದಿನಕ್ಕೆ ಸುಮಾರು ನೂರು ಮಿಲಿ ಉಚ್ಚೆ ಹೊಯ್ಯುತ್ತದೆ. ಹತ್ತು ಕಿಲೋ ನಾಯಿಯಾದರೆ 200ರಿಂದ 400 ಮಿಲಿ. ಇದು ಮೇಲೆ ನಿಲ್ಲುವುದಿಲ್ಲ. ಕೆಳಗಿಳಿದು ಅಗಲವಾಗಿ ಹರಡುತ್ತದೆ. ಮೇಲೆ ಅಂಗೈಯಗಲದ ಕಲೆ ಇದ್ದರೆ ಅಡಿಯಲ್ಲಿ ಊಟದ ತಟ್ಟೆಯಗಲ ಇರುತ್ತದೆ. ಮೇಲಿಂದ ನಾಲ್ಕು ಸಲ ಸ್ಪ್ರೇ ಹೊಡೆದರೆ ಅದು ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೂಲೆಯಿಂದ ಕಾರ್ಪೆಟ್ ಎಬ್ಬಿಸಿದೆ. ಬಾಲ್ಕನಿ ಪಕ್ಕದ ಸ್ಪಾಂಜು ಕಂದುಬಣ್ಣಕ್ಕೆ ತಿರುಗಿ, ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಅದನ್ನು ತೊಳೆಯುವ ಪ್ರಶ್ನೆಯೇ ಇಲ್ಲ. ಎರಡಡಿಗೆ ಮೂರಡಿ ತುಂಡು ಕತ್ತರಿಸಿ ಎಸೆದೆ. ಹೊಸ ತುಂಡಿನ ಬೆಲೆ ಒಂದು ಮಸಾಲೆದೋಸೆ ಪಾರ್ಟಿಗೆ ಆಗುವಷ್ಟು. ಪೂರ್ತಿ ಕಾರ್ಪೆಟ್ ಬದಲಿಸುವ ಲೆಕ್ಕಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ? ಅಡಿಯ ಸಿಮೆಂಟ್ ನೆಲವೂ ಹೀರಿತ್ತು. ಅದನ್ನು ತೊಳೆದು, ಒಣಗಿಸಿ, ವಾಸನೆ ಮೇಲೆ ಬರದಂತೆ ತಡೆಯುವ ಸೀಲರ್ ಒಂದು ಕೋಟ್ ಬಳಿದೆವು. ಟೈಲ್ಸ್ ಇದ್ದಿದ್ದರೆ ಸಂದುಗಳನ್ನು ಮಾತ್ರ ನೋಡಿಕೊಂಡರೆ ಸಾಕಿತ್ತು.

ಕಾರ್ಪೆಟ್ ಸಿಂಥೆಟಿಕ್ ಆಗಿದ್ದದ್ದು ನನ್ನ ಪುಣ್ಯ. ಮೊದಲು ತಣ್ಣೀರು ಹಾಕಿ, ನೀರು ಹೀರುವ ವೆಟ್ ವ್ಯಾಕ್ಯೂಮಿನಲ್ಲಿ ಎಳೆದೆ. ಫಿನಾಯಿಲ್ ಪೂರ್ತಿ ಹೋಗುವ ತನಕ ಮತ್ತೆ ಮತ್ತೆ. ಯಾಕೆಂದರೆ ಮುಂದೆ ಹಾಕುವುದು ಎನ್‌ಜೈಮ್ ದ್ರವ, ಅಂದರೆ ಉಚ್ಚೆಯ ಕೊಳೆಯನ್ನು ಒಡೆದು ತೆಗೆಯುವಂಥದ್ದು. ಇಂಥ ಹೆಚ್ಚಿನ ದ್ರವಗಳಲ್ಲಿ ಕೆಲಸ ಮಾಡುವುದು ಜೀವ ಇರುವ ಬ್ಯಾಕ್ಟೀರಿಯಾ. ಫಿನಾಯಿಲ್ ಉಳಿದಿದ್ದರೆ ಪಾಪ, ಅವೂ ಸಾಯುತ್ತವೆ. ಪೆಟ್ ಶಾಪುಗಳಲ್ಲಿ ಇದು ಸಿಗುತ್ತದೆ. ಉಚ್ಚೆ ಎಷ್ಟು ದೂರ ಹೋಗಿದೆಯೋ ಅಷ್ಟು ದೂರ ಇದೂ ಹೋಗಬೇಕು. ಹಾಗಾಗಿ ಚಿಮುಕಿಸುವುದಲ್ಲ, ಸುರಿಯಬೇಕು. ಸುರಿದು, ಮೇಲೆ ಪ್ಲಾಸ್ಟಿಕ್ ಶೀಟ್ ಮುಚ್ಚಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಹಳೆಯ ಕಲೆಗೆ ನಾನು ಒಂದು ಇಡೀ ರಾತ್ರಿ ಬಿಡುತ್ತೇನೆ. ಒಣಗಿದರೆ ಅದರ ಕೆಲಸ ಅಲ್ಲಿಗೇ ನಿಂತಿತು. ಬೆಳಗ್ಗೆ ವಾಸನೆ ಮೊದಲಿಗಿಂತ ಜಾಸ್ತಿ ಇರಬಹುದು, ಒಣಗಿದ ಮೇಲೆ ಇಳಿಯುತ್ತದೆ. ಆಗ ಗಾಬರಿಯಾಗಿ ಎಲ್ಲರೂ ಫೋನ್ ಮಾಡುತ್ತಾರೆ. ಆ ಮೇಡಂ ಕೂಡ ಆರು ಗಂಟೆಗೇ ಮಾಡಿದ್ದರು.

ಉಣ್ಣೆ ಕಾರ್ಪೆಟ್ ಆಗಿದ್ದರೆ ಕಥೆಯೇ ಬೇರೆ. ಕಾಶ್ಮೀರದ್ದೋ ಭದೋಹಿಯದ್ದೋ ಕೈನೇಯ್ಗೆಯ ಕಾರ್ಪೆಟ್ ಇದ್ದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಉಣ್ಣೆಯೂ ಪ್ರೋಟೀನೇ. ಪ್ರೋಟೀನ್ ಒಡೆಯುವ ಎನ್‌ಜೈಮ್ ಅದನ್ನೂ ಮೆಲ್ಲಗೆ ತಿನ್ನಬಹುದು. ಕಲೆ ತೆಗೆಯಲು ಕೆಲವರು ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ಬಣ್ಣವನ್ನೂ ತೆಗೆಯುತ್ತದೆ. ಕೆಲಸದ ಮೊದಲ ವರ್ಷಗಳಲ್ಲಿ ನಾನೇ ಒಂದು ಉಣ್ಣೆ ಕಾರ್ಪೆಟ್ಟಿಗೆ ಸ್ಟೀಮ್ ಹೊಡೆದಿದ್ದೆ. ಬಿಸಿಗೆ ಕೊಳೆ ಹೋಗುತ್ತದೆ ಅನ್ನುವ ನಂಬಿಕೆ. ಕಲೆ ಬೆಂದು ಅಲ್ಲೇ ಕಚ್ಚಿಕೊಂಡಿತು, ಕೆಂಪು ಬಣ್ಣ ಹರಿದು ಬಿಳಿ ಹೂವೆಲ್ಲ ಗುಲಾಬಿಯಾಯಿತು. ಎರಡು ತಿಂಗಳು ಸಂಪಾದಿಸಿದ್ದು ಅದಕ್ಕೇ ಹೋಯಿತು. ಈಗ ಯಾವುದೇ ಕಾರ್ಪೆಟ್ ಇರಲಿ, ಮೊದಲು ಕಾಣದ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡುತ್ತೇನೆ. ಬಟ್ಟೆಗೆ ಬಣ್ಣ ಹತ್ತಿದರೆ ಕೈ ಮುಗಿದು, ಕಾರ್ಪೆಟ್ ತೊಳೆಯುವವರ ಹತ್ತಿರ ಕಳಿಸುತ್ತೇನೆ.

ನಮ್ಮ ನವಲಗುಂದದ ಜಮಖಾನ ಇದ್ದವರು ಅದೃಷ್ಟವಂತರು. ಅದು ಹತ್ತಿ, ಅಡಿಯಲ್ಲಿ ಅಂಟಿಲ್ಲ, ಸ್ಪಾಂಜಿಲ್ಲ. ಬಣ್ಣ ಬಿಡುವುದಿಲ್ಲ ಅಂತ ಖಾತ್ರಿಯಾದರೆ ತಣ್ಣೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಅದ್ದಿ, ಚೆನ್ನಾಗಿ ಜಾಲಿಸಿ, ಟೆರೇಸಿನ ನೆರಳಿನಲ್ಲಿ ಗಾಳಿಗೆ ಹಾಕಿ. ನಾಯಿ ಸಾಕುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ, ದುಬಾರಿ ಕಾರ್ಪೆಟ್ ಸುಮ್ನೆ ಯಾಕೆ?

ಒಣಗಿಸುವುದು ಬೆಂಗಳೂರಿನ ಜುಲೈನಲ್ಲಿ ನಿಜವಾದ ತಲೆನೋವು. ಒಂದೆರಡು ದಿನ ಒದ್ದೆಯಾಗಿ ಉಳಿದರೆ ಬೂಷ್ಟು ಬರುತ್ತದೆ. ಆಮೇಲೆ ಬೆಕ್ಕಿನ ವಾಸನೆ ಹೋಗಿ ಕಮಟು ವಾಸನೆ ಬಂತು ಅಂತಾಗುತ್ತದೆ. ನಾವು ಕಾರ್ಪೆಟ್ ಮೂಲೆಯ ಕೆಳಗೆ ಎರಡು ಇಟ್ಟಿಗೆ ಇಟ್ಟು, ಟೇಬಲ್ ಫ್ಯಾನ್ ಗಾಳಿ ಅಡಿಗೆ ಬಿಟ್ಟೆವು. ಎಸಿಯನ್ನು ಡ್ರೈ ಮೋಡಿಗೆ ಹಾಕಿದೆವು. ಮಧ್ಯೆ ಕರೆಂಟ್ ಹೋಗಿ ಮೂರು ಗಂಟೆ ಕೂತಿದ್ದೆವು.

ಅಡ್ವಾನ್ಸ್ ವಿಷಯಕ್ಕೆ ಬಂದರೆ, ಬಾಡಿಗೆಗೆ ಇರುವವರು ಕೊನೇ ವಾರದ ತನಕ ಕಾಯುವುದೇ ದೊಡ್ಡ ತಪ್ಪು. ಉಚ್ಚೆ ಬಿದ್ದ ದಿನವೇ ಹೀರಿ ತೆಗೆದರೆ ಹಳೆ ಟವೆಲ್ಲು, ತಣ್ಣೀರು ಸಾಕು. ಉಜ್ಜಬೇಡಿ, ಟವೆಲ್ ಮೇಲೆ ನಿಂತು ಒತ್ತಿ. ಮನೆಗೆ ಬಂದ ದಿನವೇ ಕಾರ್ಪೆಟ್ಟಿನ ಫೋಟೋ ತೆಗೆದು ಓನರಿಗೆ ಕಳಿಸಿ. ಹಿಂದಿನವರ ನಾಯಿ ಮಾಡಿದ್ದಕ್ಕೆ ನಿಮ್ಮ ಬೆಕ್ಕು ಬೈಸಿಕೊಳ್ಳುವುದು ತಪ್ಪುತ್ತದೆ. ಕ್ಲೀನಿಂಗ್ ಬಿಲ್ ಇಟ್ಟುಕೊಳ್ಳಿ. ಓನರುಗಳಿಗೂ ಒಂದು ಮಾತು. ಹತ್ತು ವರ್ಷ ಹಳೆಯ ಕಾರ್ಪೆಟ್ಟಿಗೆ ಹೊಸದರ ಬೆಲೆ ಕೇಳುವುದು ನ್ಯಾಯವಲ್ಲ. ಎರಡು ಕಲೆಗೆ ಇಡೀ ರೂಮಿನ ದುಡ್ಡು ಕೇಳುವುದಂತೂ ಅಲ್ಲವೇ ಅಲ್ಲ.

ಆ ಓನರನ್ನು ನಾನು ಒಂದೇ ಒಂದು ಕೇಳಿಕೊಂಡೆ. ಬಿಸಿಲಿರುವಾಗ ಬಂದು ನೋಡಬೇಡಿ ಸಾರ್, ಮಳೆ ಬಂದ ಸಂಜೆ ಬನ್ನಿ. ಅವರು ಶನಿವಾರ ಜೋರು ಮಳೆಯಲ್ಲೇ ಬಂದರು. ಕೊಡೆ ಬಾಗಿಲಲ್ಲಿಟ್ಟು, ಬಾಲ್ಕನಿ ಮೂಲೆಗೆ ಹೋಗಿ ಬಗ್ಗಿ ಮೂಸಿದರು. ಪೇಂಟಿಂಗ್‌ದು ಮಾತ್ರ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು.

ಬೆಕ್ಕು ಯಾಕೆ ಕಾರ್ಪೆಟ್ ಮೇಲೆ ಹೋಗುತ್ತಿತ್ತು ಅಂತ ನಾನು ಮೊದಲ ದಿನವೇ ಕೇಳಿದ್ದೆ. ಇದ್ದಕ್ಕಿದ್ದಂತೆ ಹಾಗೆ ಶುರುಮಾಡಿದರೆ ಮೊದಲು ಡಾಕ್ಟರಿಗೆ ತೋರಿಸಬೇಕು. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರದಿದ್ದರೆ ಆ ಗಂಟೆಯೇ ಓಡಬೇಕು, ನಾಳೆ ಅನ್ನುವ ಹಾಗಿಲ್ಲ. ಇದಕ್ಕೆ ಕಾಯಿಲೆ ಏನೂ ಇರಲಿಲ್ಲವಂತೆ. ಅದರ ಮರಳಿನ ಟ್ರೇ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕ ಇತ್ತು. ಮೆಷಿನ್ ಗಡಗಡ ಅಂದಾಗೆಲ್ಲ ಬೆಕ್ಕು ಹೆದರಿ ಬಾಗಿಲ ತನಕ ಬಂದು ಅಲ್ಲೇ ಮುಗಿಸುತ್ತಿತ್ತು.

ತಿಂಗಳಾದ ಮೇಲೆ ಸೋಫಾ ಕ್ಲೀನಿಂಗಿಗೆ ಅಂತ ಅವರ ಹೊಸ ಮನೆಗೆ ಹೋದೆ. ಟ್ರೇ ಯುಟಿಲಿಟಿಯಲ್ಲಿತ್ತು. ಪಕ್ಕದಲ್ಲೇ ವಾಷಿಂಗ್ ಮೆಷಿನ್. ಸೋಫಾ ಆಮೇಲೆ ನೋಡೋಣ ಮೇಡಂ, ಮೊದಲು ಈ ಟ್ರೇ ಎತ್ತಿ ಅಂದೆ.