ಲಾನ್ ಸತ್ತಿಲ್ಲ, ಸಕ್ಕರೆ ಕೂಡಿಡುತ್ತಿದೆ

ಧನುರ್ಮಾಸ ಬಂತೆಂದರೆ ಮೈಸೂರಿನಲ್ಲಿ ಲಾನ್ ಇಟ್ಟವರದು ಒಂದೇ ಗೋಳು: "ಇಬ್ಬನಿ ಬಿದ್ದು ಹುಲ್ಲೆಲ್ಲ ಸುಟ್ಟುಹೋಯ್ತು." ಕೂಡಲೇ ಯೂರಿಯಾ ಎರಚುತ್ತಾರೆ, ಸಂಜೆ ಪೈಪ್ ಹಿಡಿದು ನಿಲ್ಲುತ್ತಾರೆ. ಪಾಪ, ಇಬ್ಬನಿ ಬರೀ ನೀರು. ಹುಲ್ಲನ್ನು ಸುಡುವುದು ಹಿಮಗಟ್ಟುವ ಚಳಿ. ನಮ್ಮಲ್ಲಿ ಜನವರಿ ರಾತ್ರಿಯಲ್ಲೂ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ.

ಲಾನಿನ ಗರಿಕೆ, ಮೆಕ್ಸಿಕನ್ ಗ್ರಾಸ್, ಮಂಡ್ಯದ ಕಬ್ಬು ಎಲ್ಲ ಒಂದೇ ಕುಟುಂಬದವು. ಸಕ್ಕರೆ ಮಾಡುವ ಉಪಾಯವೂ ಒಂದೇ. ಗಿಡಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ ರುಬಿಸ್ಕೋ. ಅದಕ್ಕೊಂದು ಕೆಟ್ಟ ಚಾಳಿ. ಸೆಕೆ ಏರಿದಂತೆ ಆಮ್ಲಜನಕವನ್ನೂ ಜಾಸ್ತಿ ಜಾಸ್ತಿ ಹಿಡಿದು ಕೆಲಸ ಕೆಡಿಸುತ್ತದೆ. ಹಾಗಾಗಿ ಈ ಹುಲ್ಲುಗಳು ರುಬಿಸ್ಕೋವನ್ನು ಎಲೆಯ ನರಗಳ ಸುತ್ತಲಿನ ಕೋಶಗಳಲ್ಲಿ ಕೂರಿಸಿವೆ. ಹೊರಗಿನ ಕೋಶಗಳಲ್ಲಿ ಬೇರೊಂದು ಕಿಣ್ವ ಇದೆ. ಅದು ಆಮ್ಲಜನಕದ ತಂಟೆಗೇ ಹೋಗುವುದಿಲ್ಲ. ಇಂಗಾಲವನ್ನಷ್ಟೇ ಹಿಡಿದು, ಆಮ್ಲವಾಗಿಸಿ, ಒಳಗೆ ದಾಟಿಸುತ್ತದೆ. ಮದುವೆ ಊಟದ ಮನೆ ಬಾಗಿಲಲ್ಲಿ ನಿಂತ ಖಡಕ್ ಸೋದರಮಾವ ಇದ್ದ ಹಾಗೆ! 1965ರಲ್ಲಿ ಹವಾಯಿಯ ವಿಜ್ಞಾನಿಗಳು, 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಇದನ್ನು ವಿವರಿಸಿದ್ದು ಕಬ್ಬಿನ ಎಲೆ ಇಟ್ಟುಕೊಂಡೇ. ಸಕ್ಕರೆ ಉದ್ಯಮದ ದುಡ್ಡಿನಿಂದ ಇಷ್ಟು ಒಳ್ಳೆಯ ವಿಜ್ಞಾನವೂ ಹುಟ್ಟಿತು ನೋಡಿ.

ಇದು ಸೆಕೆಗೆಂದೇ ಆದ ಏರ್ಪಾಡು. ರಾತ್ರಿ ತಂಪಾದರೆ ಮೊದಲು ನಿಧಾನವಾಗುವುದು ಹೊಸ ಎಲೆಯ ಬೆಳವಣಿಗೆ. ಹಗಲಿನ ಬಿಸಿಲಿಗೆ ಸಕ್ಕರೆ ತಯಾರಾಗುತ್ತಲೇ ಇರುತ್ತದೆ, ಖರ್ಚು ಕಡಿಮೆ. ಉಳಿದದ್ದು ಕಬ್ಬಿನ ಜಲ್ಲೆಯಲ್ಲಿ ಕೂಡಿಕೊಳ್ಳುತ್ತದೆ. ಸಂಕ್ರಾಂತಿ ಕಬ್ಬು ಅಷ್ಟು ಸಿಹಿ ಇರುವುದು ಅದಕ್ಕೇ. ಗರಿಕೆಯಾದರೆ ನೆಲಕ್ಕಂಟಿದ ಬಳ್ಳಿಯಲ್ಲಿ, ಬೇರಿನಲ್ಲಿ ಕೂಡಿಡುತ್ತದೆ. ಹಳದಿಯಾದ ಹುಲ್ಲನ್ನು ಬೆರಳಿನಿಂದ ಸರಿಸಿ, ಬಳ್ಳಿಯ ಗಿಣ್ಣಿನ ಹತ್ತಿರ ಉಗುರಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ, ಹಸಿಯಾಗಿದ್ದರೆ ಜೀವ ಇದೆ ಅಂತಲೇ ಅರ್ಥ.

ಹಾಗಾದರೆ ಹಳದಿ ಯಾಕೆ? ಬಹಳ ಸಲ ನೀರು ಸಾಲದೆ. ಡಿಸೆಂಬರ್ ನಂತರ ಮಳೆ ಇಲ್ಲ, ಒಣ ಗಾಳಿ ಬೇರೆ. "ಚಳಿಗಾಲದಲ್ಲಿ ಲಾನಿಗೆ ನೀರು ಬೇಡ" ಅನ್ನುವ ವಿದೇಶಿ ವಿಡಿಯೋಗಳು ಹಿಮದಡಿ ಮಲಗುವ ಹುಲ್ಲಿನ ಮಾತು, ಇಲ್ಲಿ ನಡೆಯಲ್ಲ. ದಿನಾ ಸುಮ್ನೆ ಚಿಮುಕಿಸುವ ಬದಲು ಮೂರ್ನಾಲ್ಕು ದಿನಕ್ಕೊಮ್ಮೆ, ಬೆಳಿಗ್ಗೆ, ಬೇರು ನೆನೆಯುವ ಹಾಗೆ ಕೊಡಿ. ಸಂಜೆಯ ನೀರಿನ ಮೇಲೆ ಇಬ್ಬನಿಯೂ ಸೇರಿದರೆ ಎಲೆ ರಾತ್ರಿಯಿಡೀ ಒದ್ದೆ. ಶಿಲೀಂಧ್ರಕ್ಕೆ ಅಷ್ಟೇ ಸಾಕು.

ಹುಲ್ಲನ್ನು ನುಣ್ಣಗೆ ಬೋಳಿಸಬೇಡಿ, ಸಕ್ಕರೆ ಮಾಡುವ ಎಲೆ ಅದೇ ಅಲ್ವಾ? ಯೂರಿಯಾ ಈಗ ಹಾಕಿದರೆ ಹೆಚ್ಚಿನದು ಬಳಕೆಯಾಗದೆ ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. ಶಿವರಾತ್ರಿಗೆ ಚಳಿ "ಶಿವ ಶಿವ" ಅಂತ ಹೋದ ಮೇಲೆ, ಹೊಸ ಚಿಗುರು ಕಂಡಾಗ ಹಾಕಿ.