ಓ ಅಂಡ್ ಎಂ ಮ್ಯಾನುವಲ್ ಅಂದ್ರೆ ಎಂತ, ಅದ್ರಲ್ಲಿ ಎಂತೆಲ್ಲ ಇರ್ಬೇಕು

ಮಂಗಳೂರಿನ ಬೈಕಂಪಾಡಿಯ ಯಾವ ಫ್ಯಾಕ್ಟರಿಗೆ ಹೋದ್ರೂ, ಮಲ್ಪೆಯ ಯಾವ ಐಸ್ ಪ್ಲಾಂಟಿಗೆ ಹೋದ್ರೂ ಆಫೀಸಿನ ಕಪಾಟಲ್ಲಿ ಒಂದು ದಪ್ಪ ಫೈಲ್ ಸಿಗ್ತದೆ, ಮಿಷನ್ ಬರುವಾಗ ಕಂಪನಿಯವರು ಕೊಟ್ಟದ್ದು, ಅದನ್ನೇ ಓ ಅಂಡ್ ಎಂ ಮ್ಯಾನುವಲ್ ಅಂತಾರೆ. ಓ ಅಂದ್ರೆ ಆಪರೇಷನ್, ಎಂ ಅಂದ್ರೆ ಮೇಂಟೆನೆನ್ಸ್, ಮಿಷನ್ ಹೇಗೆ ಓಡಿಸ್ಬೇಕು ಮತ್ತೆ ಅದು ಕೆಡದ ಹಾಗೆ ಹೇಗೆ ನೋಡ್ಕೊಳ್ಬೇಕು ಅಂತ ಬರೆದಿಟ್ಟದ್ದು. ಆದ್ರೆ ಆ ಫೈಲ್ ಇದ್ರೆ ಕೆಲ್ಸ ಮುಗೀತು ಅಂದ್ಕೊಳ್ಳುವವರೇ ಜಾಸ್ತಿ, ನನ್ನ ಪ್ರಕಾರ ಅಲ್ಲಿಗೆ ಅರ್ಧ ಸಹ ಆಗಿರುದಿಲ್ಲ. ಕಂಪನಿಯವರು ಬರೆದದ್ದು ಆ ಮಾಡೆಲ್ ಬಗ್ಗೆ, ಅದು ಗುಜರಾತಲ್ಲಿ ಕೂತ್ರೂ ಅದೇ ಪುಸ್ತಕ, ಮಲ್ಪೆಯಲ್ಲಿ ಕೂತ್ರೂ ಅದೇ ಪುಸ್ತಕ. ನಮ್ಮಲ್ಲಿ ಯಾವ ಪೈಪ್ ಎಲ್ಲಿಂದ ಬರ್ತದೆ, ಯಾವ ವಾಲ್ವ್ ಯಾವ ಗೋಡೆ ಹಿಂದೆ ಉಂಟು, ಸಮುದ್ರದ ಉಪ್ಪು ಗಾಳಿಗೆ ಮೊದ್ಲು ಯಾವ್ದು ತುಕ್ಕು ಹಿಡೀತದೆ ಇದೆಲ್ಲ ಅವರಿಗೆ ಗೊತ್ತಿರ್ಲಿಕ್ಕೆ ಸಾಧ್ಯ ಇಲ್ಲ, ನಾವೇ ಬರೀಬೇಕು.

ಆಪರೇಷನ್ ಭಾಗಕ್ಕೆ ಐಸ್ ಪ್ಲಾಂಟಿನ ಅಮೋನಿಯಾ ಕಂಪ್ರೆಸರನ್ನೇ ತಗೊಳ್ಳುವ, ತಂಪು ಮಾಡ್ಲಿಕ್ಕೆ ಬಳಸುವ ಅಮೋನಿಯಾ ಗ್ಯಾಸನ್ನು ಒತ್ತುವ ಮಿಷನ್ ಅದು. ಗ್ಯಾಸ್ ಒಳಗೆ ಬರುವ ಬದಿ ಸಕ್ಷನ್, ಒತ್ತಿದ ಗ್ಯಾಸ್ ಹೊರಗೆ ಹೋಗುವ ಬದಿ ಡಿಸ್ಚಾರ್ಜ್, ಆ ಬಿಸಿ ಗ್ಯಾಸನ್ನು ನೀರಿಂದ ತಣಿಸುವುದು ಕಂಡೆನ್ಸರ್. ರಾತ್ರಿ ಕರೆಂಟ್ ಹೋಗಿ ವಾಪಸ್ ಬಂತು, ಹಳೇ ಆಪರೇಟರ್ ಊರಿಗೆ ಹೋಗಿದ್ದಾರೆ, ಇರುವುದು ಹೊಸ ಹುಡುಗ. ಕಂಪನಿ ಪುಸ್ತಕದಲ್ಲಿ ಸ್ಟಾರ್ಟ್ ಮಾಡುವ ವಿಧಾನ ಇರ್ತದೆ, ಇಲ್ಲ ಅಂತಲ್ಲ, ಆದ್ರೆ ನೂರಾರು ಪುಟದ ಮಧ್ಯೆ, ಅದೂ ಇಂಗ್ಲಿಷಲ್ಲಿ. ಆ ಹೊತ್ತಿಗೆ ಅವನಿಗೆ ಬೇಕಾದ್ದು ಪ್ಯಾನೆಲ್ ಪಕ್ಕ ತೂಗು ಹಾಕಿದ ಒಂದೇ ಒಂದು ಹಾಳೆ: ಮೊದ್ಲು ಕಂಡೆನ್ಸರಿಗೆ ನೀರು ಬರ್ತಾ ಉಂಟಾ ನೋಡು, ಡಿಸ್ಚಾರ್ಜ್ ವಾಲ್ವ್ ತೆರೆದಿದೆಯಾ ಕೈಹಾಕಿ ನೋಡು, ಸಕ್ಷನ್ ವಾಲ್ವ್ ಮುಚ್ಚಿರ್ಲಿ, ಮೋಟರ್ ಸ್ಟಾರ್ಟ್ ಮಾಡು, ಆಯಿಲ್ ಪ್ರೆಶರ್ ಏರಿದ ಮೇಲೆ ಸಕ್ಷನ್ ಸ್ವಲ್ಪ ಸ್ವಲ್ಪವೇ ತೆರೆ. ಇಷ್ಟು ಬರೆದು ನಿಲ್ಲಿಸ್ಬಾರ್ದು, ಯಾಕೆ ಅಂತ ಒಂದು ಸಾಲು ಸಹ ಬೇಕು. ಸಕ್ಷನ್ ಒಮ್ಮೆಲೇ ತೆರೆದ್ರೆ ಗ್ಯಾಸ್ ಜೊತೆ ಲಿಕ್ವಿಡ್ ಅಮೋನಿಯಾ ಸಿಲಿಂಡರಿಗೆ ನುಗ್ತದೆ, ಲಿಕ್ವಿಡ್ ಕುಗ್ಗುದಿಲ್ಲ, ಪಿಸ್ಟನ್ ಬಡಿದು ವಾಲ್ವ್ ಪ್ಲೇಟ್ ತುಂಡಾಗ್ತದೆ. ಕಾರಣ ಗೊತ್ತಿದ್ದವ ಅವಸರ ಇದ್ರೂ ಆ ವಾಲ್ವನ್ನು ಮೆಲ್ಲ ತಿರುಗಿಸ್ತಾನೆ. ಹಾಗೇ ಆಯಿಲ್ ಪ್ರೆಶರ್, ಗೇಜ್ ತೋರಿಸುವ ನಂಬರ್ ಒಂದನ್ನೇ ನೋಡಿದ್ರೆ ಸಾಕಾಗುದಿಲ್ಲ, ಸಕ್ಷನ್ ಪ್ರೆಶರ್ ಅದರಿಂದ ಕಳೆದ್ರೆ ಉಳಿಯುವುದು ನಿಜವಾದ ಆಯಿಲ್ ಪ್ರೆಶರ್, ಅದು ಎಷ್ಟಿರ್ಬೇಕು ಅಂತ ಕಂಪನಿ ಕೊಟ್ಟ ಲೆಕ್ಕ ಹಾಳೆಯಲ್ಲಿ ಇರ್ಬೇಕು, ಗೇಜಿನ ಗ್ಲಾಸ್ ಮೇಲೆ ಹಸಿರು ಕೆಂಪು ಗುರುತು ಹಾಕಿದ್ರೆ ಇನ್ನೂ ಒಳ್ಳೇದು.

ವಾಲ್ವಿಗೆಲ್ಲ ನಂಬರ್ ಟ್ಯಾಗ್ ಕಟ್ಟದೆ ಇದನ್ನೆಲ್ಲ ಬರೆದ್ರೆ ಉಪಯೋಗ ಇಲ್ಲ. ಹಾಳೆಯಲ್ಲಿ ವಿ 4 ಅಂತ ಉಂಟು, ಪೈಪಲ್ಲಿ ಟ್ಯಾಗೇ ಇಲ್ಲ ಅಂದ್ರೆ ಹುಡುಗ ಎಂತ ಮಾಡುದು?

ಇನ್ನು ಮೇಂಟೆನೆನ್ಸ್. "ನಿಯಮಿತವಾಗಿ ಪರೀಕ್ಷಿಸಿ" ಅಂತ ಬರೆದದ್ದು ತುಂಬ ಕಡೆ ನೋಡ್ತೇನೆ, ಅದ್ರಿಂದ ಯಾರಿಗೂ ಎಂತದೂ ಗೊತ್ತಾಗುದಿಲ್ಲ. ಯಾರು, ಎಷ್ಟು ದಿನಕ್ಕೊಮ್ಮೆ, ಎಂತ ನೋಡ್ಬೇಕು, ಎಷ್ಟು ಬಂದ್ರೆ ಸರಿ, ಹೆಚ್ಚು ಕಡಿಮೆ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು, ಈ ಐದೂ ಇರ್ಬೇಕು. ಸ್ಪೇರ್ ಪಟ್ಟಿಯಲ್ಲೂ ಹಾಗೇ, "ಮೋಟರ್ ಬೇರಿಂಗ್" ಅಂತ ಬರೆದ್ರೆ ಅಂಗಡಿಯವ ಎಂತ ಕೊಡುದು, 6308 ಅಂತ ನಂಬರ್ ಬರೀಬೇಕು, ಅದೂ ಪುಲ್ಲಿ ಇರುವ ಬದಿಗೆ ಯಾವ್ದು ಫ್ಯಾನ್ ಬದಿಗೆ ಯಾವ್ದು ಅಂತ ಬೇರೆ ಬೇರೆ, ಯಾಕಂದ್ರೆ ಎರಡು ಬದಿಗೂ ಒಂದೇ ಬೇರಿಂಗ್ ಇರ್ಬೇಕು ಅಂತಿಲ್ಲ. (ಕೊನೇ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚು ಇರುವಾಗ ಅದನ್ನು ಐದರಿಂದ ಗುಣಿಸಿದ್ರೆ ಶಾಫ್ಟಿನ ದಪ್ಪ ಬರ್ತದೆ, 08 ಅಂದ್ರೆ 40 ಮಿಲಿಮೀಟರ್, ಗೊತ್ತಿದ್ರೆ ತಪ್ಪು ಬೇರಿಂಗ್ ತರುದು ತಪ್ತದೆ.) ಬಳಸ್ಬಾರದ್ದನ್ನು ಸಹ ಬರೀಬೇಕು, ಇದನ್ನು ಎಲ್ರೂ ಬಿಟ್ಟು ಬಿಡ್ತಾರೆ. ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂತದೆ, ಬೇರೆ ಲೈನಿಂದ ಬಿಚ್ಚಿದ ಹಿತ್ತಾಳೆಯ ಗೇಜ್ ಅಥವಾ ವಾಲ್ವ್ ಅಲ್ಲಿಗೆ ಕೂರಿಸಿದ್ರೆ ಅದು ಬಿರುಕು ಬಿಟ್ಟು ಗ್ಯಾಸ್ ಹೊರಗೆ ಬರುವ ಅಪಾಯ ಉಂಟು, ಹಾಗಾಗಿ "ಇಲ್ಲಿ ಹಿತ್ತಾಳೆ ಹಾಕ್ಬಾರ್ದು" ಅಂತ ದೊಡ್ಡಕ್ಕೆ ಬರೆದಿಡ್ಬೇಕು.

ಬರೆಯುವವರು ಯಾರು ಅಂತ ಕೇಳಿದ್ರೆ, ಇಂಜಿನಿಯರ್ ಒಬ್ಬರೇ ಕಂಪ್ಯೂಟರ್ ಎದುರು ಕೂತು ಬರೆದ್ರೆ ಆಗ್ಲಿಕ್ಕಿಲ್ಲ. ಕಿವಿಯಲ್ಲೇ ಕಂಪ್ರೆಸರಿನ ಸದ್ದು ಗುರ್ತು ಹಿಡಿಯುವ ಆಪರೇಟರ್ ಹತ್ರ ಕೂತು, ಅವರು ತುಳುವಲ್ಲಿ ಹೇಳಿದ್ದನ್ನು ಕೇಳಿ ಬರೀಬೇಕು, ಆಮೇಲೆ ಮಿಷನ್ ಗೊತ್ತಿಲ್ಲದ ಇನ್ನೊಬ್ಬನ ಕೈಗೆ ಕೊಟ್ಟು, ಎಂತದೂ ಹೇಳದೆ ಪಕ್ಕ ನಿಂತು ನೋಡ್ಬೇಕು. ಅವ ಎಲ್ಲಿ ನಿಂತು ಯೋಚನೆ ಮಾಡ್ತಾನೋ ಆ ಸಾಲು ತಿದ್ದಬೇಕು. ಇಲ್ಲಿ ಕೆಲ್ಸಕ್ಕೆ ಒಡಿಶಾದವರು, ಜಾರ್ಖಂಡಿನವರು ತುಂಬ ಇದ್ದಾರೆ, ಕನ್ನಡದ ಜೊತೆ ಹಿಂದಿ ಸಾಲು, ಅದಕ್ಕಿಂತ ಹೆಚ್ಚಾಗಿ ನಮ್ಮದೇ ಮಿಷನಿನ ಫೋಟೋಕ್ಕೆ ಬಾಣದ ಗುರುತು ಹಾಕಿದ್ದು, ಇವು ಬೇಕೇ ಬೇಕು. ಬಳಕೆಯ ಸೂಚನೆ ಅನ್ನುವುದು ಸರಕಿನದ್ದೇ ಒಂದು ಭಾಗ ಅಂತ ಅಂತಾರಾಷ್ಟ್ರೀಯ ಸ್ಟಾಂಡರ್ಡೇ ಹೇಳ್ತದೆ, ಐಇಸಿ 82079-1 ಅಂತ, 2012ರಲ್ಲಿ ಬಂದದ್ದು, 2019ರಲ್ಲಿ ಹೊಸತು ಮಾಡಿದ್ದಾರೆ.

ಹಾಳೆಯ ಮೂಲೆಯಲ್ಲಿ ತಾರೀಕು ಮತ್ತೆ ಎಷ್ಟನೇ ಸಲ ತಿದ್ದಿದ್ದು ಅಂತ ಇರ್ಲಿ. ಪೈಪ್ ಲೈನ್ ಬದ್ಲಾಯ್ಸಿದ ದಿನವೇ ಡ್ರಾಯಿಂಗಲ್ಲಿ ಕೆಂಪು ಪೆನ್ನಿಂದ ಗೀಟು ಹಾಕ್ಬೇಕು, ನಾಳೆ ಅಂದ್ರೆ ಅದು ಆಗುದೇ ಇಲ್ಲ. ಲ್ಯಾಮಿನೇಟ್ ಮಾಡ್ಬೇಕು, ಇಲ್ಲದಿದ್ರೆ ನಮ್ಮ ಮಳೆಗಾಲದ ತೇವಕ್ಕೆ, ಎಣ್ಣೆ ಕೈಗೆ ಒಂದು ವರ್ಷ ಸಹ ಬಾಳುದಿಲ್ಲ.

ಶುರು ಮಾಡ್ಲಿಕ್ಕೆ ಮಲ್ಪೆ ಕಡೆಯವರಿಗೆ ಒಳ್ಳೆ ಸಮಯ ಜೂನ್ 1ರಿಂದ ಜುಲೈ 31ರ ವರೆಗೆ, ಯಾಂತ್ರಿಕ ಮೀನುಗಾರಿಕೆಗೆ ರಜೆ, ಐಸಿಗೆ ಡಿಮಾಂಡ್ ಇರುದಿಲ್ಲ, ಕಂಪ್ರೆಸರ್ ಬಿಚ್ಚಿ ಓವರ್‌ಹಾಲ್ ಮಾಡ್ಲಿಕ್ಕೆ ಪುರುಸೊತ್ತು ಸಿಗ್ತದೆ. ಹೇಗೂ ಬಿಚ್ಚಿರ್ತೀರಿ, ಪ್ರತಿ ಪಾರ್ಟಿನ ಫೋಟೋ ತೆಗೀರಿ, ಹೊರಗೆ ಬಂದ ಬೇರಿಂಗಿನ ನಂಬರ್, ಸವೆದ ಪಿಸ್ಟನ್ ರಿಂಗಿನ ಅಳತೆ, ಹಾಕಿದ ಗ್ಯಾಸ್ಕೆಟಿನ ದಪ್ಪ ಅಲ್ಲೇ ಬರ್ಕೊಳ್ಳಿ. ವಾಪಸ್ ಜೋಡಿಸಿದ ಮೇಲೆ ಇದ್ಯಾವುದೂ ಕಣ್ಣಿಗೆ ಕಾಣುದಿಲ್ಲ.