ಎಸ್‌ಜಿಪಿಟಿ ಮತ್ತು ತೂತು ಬಿದ್ದ ಅಕ್ಕಿ ಮೂಟೆ

ರಾತ್ರಿ ಒಂಬತ್ತೂವರೆಗೆ ಚಿಕ್ಕಮ್ಮನ ಲ್ಯಾಬ್ ರಿಪೋರ್ಟ್ ವಾಟ್ಸಾಪಿಗೆ ಬಂತು. ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ 78. ಪಕ್ಕದಲ್ಲಿ ದಪ್ಪಗೆ 'ಎಚ್' ಎಂಬ ಅಕ್ಷರ, ಅಂದರೆ ಹೈ. ಆ ಲ್ಯಾಬಿನ ಪ್ರಕಾರ 40ರ ಒಳಗಿರಬೇಕಿತ್ತು. ರಿಪೋರ್ಟಿನ ಹಿಂದೆಯೇ ಎರಡು ಪದದ ಮೆಸೇಜು: "ಮತ್ತೆ ಬಂತಾ?"

ಏನು ಮತ್ತೆ ಬಂತು ಎಂದು ನಾನು ಕೇಳಬೇಕಿರಲಿಲ್ಲ. ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ವರ್ಷವಾಗಿತ್ತು. ಈಗ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ, ಅಷ್ಟೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಒಂದು ಸಲ ಕ್ಯಾನ್ಸರ್ ದಾಟಿ ಬಂದವರಿಗೆ ರಿಪೋರ್ಟಿನ ಎಚ್‌ಗಳೆಲ್ಲ ಕ್ಯಾನ್ಸರಾಗಿಯೇ ಕಾಣುತ್ತವೆ. ಅವರನ್ನು ದೂರುವಂತಿಲ್ಲ. ನನಗೆ ಸಿಟ್ಟಿರುವುದು ಆ ಪರೀಕ್ಷೆಗೆ ಹೆಸರಿಟ್ಟವರ ಮೇಲೆ.

ಲಿವರ್ ಫಂಕ್ಷನ್ ಟೆಸ್ಟ್. ಹೆಸರು ಕೇಳಿದರೆ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆ ಅನಿಸುತ್ತದೆ, ಅಲ್ವಾ? ಆದರೆ ಜನ ಅತಿ ಹೆಚ್ಚು ಹೆದರುವ ಎಸ್‌ಜಿಪಿಟಿ, ಅದರ ಜೊತೆಗಾರ ಕಿಣ್ವ ಎಸ್‌ಜಿಒಟಿ ಎರಡೂ ಲಿವರಿನ ಕೆಲಸವನ್ನು ಅಳೆಯುವುದೇ ಇಲ್ಲ. ಅವು ಸೋರಿಕೆಯನ್ನು ಅಳೆಯುತ್ತವೆ.

ಅಕ್ಕಿ ಮಂಡಿಗೆ ಹೋಗೋಣ. ನೆಲದ ಮೇಲೆ ಅಕ್ಕಿ ಚೆಲ್ಲಿದೆ. ಎಲ್ಲೋ ಒಂದು ಮೂಟೆಗೆ ಇಲಿ ತೂತು ಮಾಡಿದೆ ಎಂದು ಗೊತ್ತಾಯಿತು. ಆದರೆ ಮೂಟೆಯೊಳಗೆ ಇನ್ನೆಷ್ಟು ಅಕ್ಕಿ ಉಳಿದಿದೆ? ನೆಲ ನೋಡಿ ಹೇಳಲಾಗದು. ಎಸ್‌ಜಿಪಿಟಿ ಇರಬೇಕಾದ ಜಾಗ ಲಿವರ್ ಕೋಶದ ಒಳಗೆ. ಕೋಶದ ಪೊರೆ ಹರಿದರೆ ಅದು ರಕ್ತಕ್ಕೆ ಚೆಲ್ಲುತ್ತದೆ. ದಿನವೂ ಒಂದಷ್ಟು ಹಳೇ ಕೋಶಗಳು ಸಾಯುವುದರಿಂದ ಎಲ್ಲರ ರಕ್ತದಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಹರಿದ ಮೂಟೆಗಳು ಜಾಸ್ತಿಯಾದರೆ ನೆಲದ ಮೇಲಿನ ಅಕ್ಕಿಯೂ ಜಾಸ್ತಿ. ತಮಾಷೆ ಏನೆಂದರೆ ಲಿವರ್ ಪೂರ್ತಿ ಗಂಟುಗಟ್ಟಿ ಸಿರೋಸಿಸ್ ಆದ ಎಷ್ಟೋ ಜನರ ಎಸ್‌ಜಿಪಿಟಿ ನಾರ್ಮಲ್ ಇರುತ್ತದೆ. ಖಾಲಿ ಮೂಟೆಯಿಂದ ಏನು ಸೋರೀತು?

ಹಾಗಾದರೆ ಕೆಲಸವನ್ನು ಅಳೆಯುವುದು ಯಾವುದು? ಈಗ ಹೋಟೆಲಿಗೆ ಬನ್ನಿ. ಅಡುಗೆಮನೆಯ ಭಟ್ಟರು ಗಾಬರಿಯಿಂದ ಬೀದಿಗೆ ಓಡಿ ಬಂದರೆ ಒಳಗೆ ಏನೋ ಆಗಿದೆ ಎಂದರ್ಥ. ಅದು ಎಸ್‌ಜಿಪಿಟಿ. ಟೇಬಲ್ಲಿಗೆ ಇಡ್ಲಿ ಬರುತ್ತಿದೆಯೋ ಇಲ್ಲವೋ ಎನ್ನುವುದು ಬೇರೆ ಪ್ರಶ್ನೆ. ಲಿವರ್ ತಯಾರಿಸುವ 'ಇಡ್ಲಿ'ಗಳಲ್ಲಿ ಒಂದು ಆಲ್ಬುಮಿನ್ ಎಂಬ ಪ್ರೋಟೀನು. ಇನ್ನೊಂದು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು. ಐಎನ್‌ಆರ್ ಎಂಬ ಟೆಸ್ಟ್ ನೋಡುವುದು ಇವನ್ನು. ಆಲ್ಬುಮಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 20 ದಿನ ಬೇಕು, ಹಾಗಾಗಿ ಲಿವರ್ ಕೈಕೊಟ್ಟರೂ ಅದು ನಿಧಾನಕ್ಕೆ ಹೇಳುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಒಂದು ಐದಾರು ಗಂಟೆಯಲ್ಲೇ ಅರ್ಧವಾಗುತ್ತದೆ. ಅದಕ್ಕೇ ಗಂಭೀರ ರೋಗಿಯ ಹಾಸಿಗೆ ಪಕ್ಕದಲ್ಲಿ ವೈದ್ಯರು ಐಎನ್‌ಆರ್ ಮೇಲೆ ಕಣ್ಣಿಟ್ಟಿರುತ್ತಾರೆ. ಚಿಕ್ಕಮ್ಮನ ರಿಪೋರ್ಟಿನಲ್ಲಿ ಆಲ್ಬುಮಿನ್ 4.2, ಲಿವರ್ ರಕ್ತದಿಂದ ತೆಗೆದು ಹೊರಹಾಕುವ ಹಳದಿ ಕಸ ಬಿಲಿರುಬಿನ್ 0.7. ಎರಡೂ ಸರಿ. ಇಡ್ಲಿ ಬಿಸಿಬಿಸಿಯಾಗಿ ಬರುತ್ತಿತ್ತು.

ಎಸ್‌ಜಿಪಿಟಿಗೂ ಇಂಥದೇ ಗಡಿಯಾರವಿದೆ. ರಕ್ತಕ್ಕೆ ಬಿದ್ದ ಎಸ್‌ಜಿಪಿಟಿ ಅರ್ಧವಾಗಲು ಸುಮಾರು 47 ಗಂಟೆ, ಹತ್ತಿರಹತ್ತಿರ ಎರಡು ದಿನ. ಸೋರಿಕೆ ಇವತ್ತೇ ಪೂರ್ತಿ ನಿಂತಿತು ಎಂದುಕೊಳ್ಳಿ. 320 ಇದ್ದದ್ದು ಎರಡು ದಿನಕ್ಕೆ 160, ನಾಲ್ಕಕ್ಕೆ 80, ಆರಕ್ಕೆ 40. ಆದರೆ ನಿಜಜೀವನದಲ್ಲಿ ನಲ್ಲಿ ಹಾಗೆ ಟಕ್ಕನೆ ನಿಲ್ಲುವುದಿಲ್ಲ. ತೊಟ್ಟಿಕ್ಕುತ್ತಲೇ ಇರುತ್ತದೆ, ವಾರಗಳೇ ಹಿಡಿಯುತ್ತವೆ. ಹೀಗಿರುವಾಗ ಭಯಕ್ಕೆ ಮಾರನೇ ಬೆಳಗ್ಗೆಯೇ ಇನ್ನೊಂದು ಲ್ಯಾಬಿಗೆ ಹೋಗಿ ಮತ್ತೆ ರಕ್ತ ಕೊಡುವುದು ಸುಮ್ನೆ ದುಡ್ಡು ದಂಡ. 78 ಇದ್ದದ್ದು 71 ಬಂದರೂ ಅರ್ಥವಿಲ್ಲ, 84 ಬಂದರೂ ಅರ್ಥವಿಲ್ಲ.

ಈ ಟೆಸ್ಟಿನ ಹುಟ್ಟು ಕೂಡ ಲಿವರಿಗಾಗಿ ಆದದ್ದಲ್ಲ. 1954ರಲ್ಲಿ ನ್ಯೂಯಾರ್ಕಿನ ಲಡೂ, ರೊಬ್ಲೆವ್‌ಸ್ಕಿ ಮತ್ತು ಆರ್ಥರ್ ಕಾರ್ಮೆನ್ ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು ಕಂಡುಹಿಡಿದರು. ಅದು ಹೃದಯದ ಟೆಸ್ಟಾಗಿ ಶುರುವಾಯಿತು. ಮರುವರ್ಷ ಇಟಲಿಯ ಫೆರ್ನಾಂಡೊ ದೆ ರಿತಿಸ್ ಮತ್ತು ಸಂಗಡಿಗರು ವೈರಸ್ ಕಾಮಾಲೆಯಲ್ಲೂ ಇವು ಏರುವುದನ್ನು ತೋರಿಸಿದರು. ಎಸ್‌ಜಿಒಟಿ ಹೃದಯದಲ್ಲಿದೆ, ಮಾಂಸಖಂಡದಲ್ಲಿದೆ, ಕೆಂಪು ರಕ್ತಕಣದಲ್ಲೂ ಇದೆ. ಜಿಮ್ಮಿಗೆ ಹೊಸದಾಗಿ ಸೇರಿ ಮೈಮುರಿದುಕೊಂಡವರಲ್ಲಿ ಏರುತ್ತದೆ. ಡೆಂಗಿ ಜ್ವರದಲ್ಲಂತೂ ಎಸ್‌ಜಿಪಿಟಿಯನ್ನೂ ಹಿಂದೆ ಹಾಕಿ ಏರುತ್ತದೆ. ಮಳೆಗಾಲದಲ್ಲಿ ಜ್ವರ ಬಂದು ಹೋಗಿದೆಯಾ ಎಂದು ವೈದ್ಯರು ಕೇಳಿದರೆ ಅದು ಹರಟೆಯಲ್ಲ.

ಇನ್ನು 'ನಾರ್ಮಲ್' ಎಂಬ ಗೆರೆ. ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ ನಡುವಿನ 95 ಮಂದಿಯ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗಿದೆಯೋ ಅದನ್ನೇ ನಾರ್ಮಲ್ ಎನ್ನುತ್ತಾರೆ. ಉಳಿದ ಐವರೂ ಆರೋಗ್ಯವಂತರೇ, ಆದರೂ ಗೆರೆಯಾಚೆ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಟೆಸ್ಟ್ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಲ್ಲೂ ಒಂದಾದರೂ ಗೆರೆ ದಾಟುವ ಸಾಧ್ಯತೆ ನೂರಕ್ಕೆ 40. ನಂಬಿಕೆ ಬಾರದಿದ್ದರೆ 0.95ನ್ನು ಹತ್ತು ಸಲ ಗುಣಿಸಿ ನೋಡಿ. ಕ್ಯಾನ್ಸರ್ ವೈದ್ಯರ ಅಳತೆಯಲ್ಲಿ ಗೆರೆಯ ಮೂರು ಪಟ್ಟಿನವರೆಗೆ ಗ್ರೇಡ್ 1, ಐದು ಪಟ್ಟಿನವರೆಗೆ ಗ್ರೇಡ್ 2, ಇಪ್ಪತ್ತು ಪಟ್ಟಿನವರೆಗೆ ಗ್ರೇಡ್ 3. ಚಿಕ್ಕಮ್ಮನ 78 ಎರಡು ಪಟ್ಟು ಕೂಡ ಅಲ್ಲ.

ಆದರೂ ಏರಿದ್ದು ಯಾಕೆ?

ಮೊದಲ ಅನುಮಾನ ಆ ಮಾತ್ರೆಯ ಮೇಲೆಯೇ. ಟ್ಯಾಮಾಕ್ಸಿಫೆನ್ ಕಥೆ ಸೊಗಸಾಗಿದೆ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದರು. ಬೇಕಾಗಿದ್ದದ್ದು ಗರ್ಭನಿರೋಧಕ. ಇಲಿಗಳಲ್ಲಿ ಕೆಲಸ ಮಾಡಿತು. ಹೆಂಗಸರಲ್ಲಿ ತದ್ವಿರುದ್ಧ, ಅಂಡ ಬಿಡುಗಡೆಯಾಗಲು ಅದು ನೆರವಾಯಿತು! ಸೋತ ಆ ಔಷಧಿ ಈಸ್ಟ್ರೊಜೆನ್ ಹಾರ್ಮೋನನ್ನು ನೆಚ್ಚಿಕೊಂಡು ಬೆಳೆಯುವ ಸ್ತನ ಕ್ಯಾನ್ಸರಿಗೆ ಬ್ರೇಕ್ ಹಾಕುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಂಥ ಕ್ಯಾನ್ಸರಿನಲ್ಲಿ ಐದು ವರ್ಷ ನುಂಗಿದವರಲ್ಲಿ, ಮೊದಲ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದಕ್ಕೆ ತೆರಬೇಕಾದ ಬೆಲೆಗಳಲ್ಲಿ ಒಂದು, ಲಿವರಿನಲ್ಲಿ ಕೊಬ್ಬು. ಕೋಶದೊಳಗಿನ ಮೈಟೊಕಾಂಡ್ರಿಯಗಳು ಕೊಬ್ಬನ್ನು ಸುಡುವ ವೇಗವನ್ನು ಅದು ತಗ್ಗಿಸುತ್ತದೆ. ಒಲೆ ಸಣ್ಣಗಾಯಿತು, ಸೌದೆ ಬರುವುದು ನಿಲ್ಲಲಿಲ್ಲ, ಅಟ್ಟದ ಮೇಲೆ ಪೇರಿಸಬೇಕಾಯಿತು. ಕೀಮೋ ಜೊತೆ ಕೊಟ್ಟ ಸ್ಟಿರಾಯ್ಡ್, ಆಗ ಏರಿದ ತೂಕ, ಮೊದಲೇ ಇದ್ದ ಸಕ್ಕರೆ ಕಾಯಿಲೆ ಸೇರಿಕೊಂಡರೆ ಕೇಳಲೇಬೇಡಿ. ಹಾಗಂತ ಮಾತ್ರೆಯನ್ನು ತಾವೇ ನಿಲ್ಲಿಸುವುದು ಬುದ್ಧಿವಂತಿಕೆಯಲ್ಲ. ಬೇಕಾದರೆ ವೈದ್ಯರೇ ಬದಲಿಸುತ್ತಾರೆ.

ಏರಲು ಬೇರೆ ಕಾರಣಗಳೂ ಉಂಟು. ರೈಬೋಸಿಕ್ಲಿಬ್‌ನಂಥ ಹೊಸ ಸ್ತನ ಕ್ಯಾನ್ಸರ್ ಮಾತ್ರೆ ಶುರು ಮಾಡಿದವರಿಗೆ ಮೊದಲ ಎರಡು ಸೈಕಲ್‌ಗಳಲ್ಲಿ, ಅಂದರೆ ಚಿಕಿತ್ಸೆಯ ಸುತ್ತುಗಳಲ್ಲಿ, ಎರಡು ವಾರಕ್ಕೊಮ್ಮೆ ಈ ಟೆಸ್ಟ್ ಮಾಡಿಸುವುದೇ ಔಷಧಿಯಿಂದ ಲಿವರಿಗೆ ಪೆಟ್ಟು ಬೀಳಬಹುದೆಂದು. ಮೈಯಲ್ಲಿ ಮಲಗಿದ್ದ ಹೆಪಟೈಟಿಸ್ ಬಿ ವೈರಸ್ ಕೀಮೋ ಸಮಯದಲ್ಲಿ ಎದ್ದು ಕೂರುವುದೂ ಉಂಟು. ಅದೇ ರಿಪೋರ್ಟಿನ ಇನ್ನೊಂದು ಕಿಣ್ವ ಆಲ್ಕಲೈನ್ ಫಾಸ್ಫಟೇಸ್ ಒಂದೇ ಏರಿದ್ದರೆ ಅದು ಮೂಳೆಯಿಂದ ಬಂದದ್ದೂ ಇರಬಹುದು. ಲಿವರ್ ಮೂಲದ್ದಾದರೆ ಸಾಮಾನ್ಯವಾಗಿ ಜಿಜಿಟಿ ಎಂಬ ಮತ್ತೊಂದು ಕಿಣ್ವವೂ ಜೊತೆಗೆ ಏರುತ್ತದೆ.

ಈಗ ಕಷಾಯದ ವಿಷಯ. ಪಕ್ಕದ ಮನೆಯವರು ಎರಡು ತಿಂಗಳಿಂದ ಚಿಕ್ಕಮ್ಮನಿಗೆ ದಿನಾ ಬೆಳಗ್ಗೆ ಅಮೃತಬಳ್ಳಿ ಕಷಾಯ ಕೊಡುತ್ತಿದ್ದರಂತೆ. "ಇಮ್ಯುನಿಟಿಗೆ." ಕೋವಿಡ್ ಕಾಲದಲ್ಲಿ ಇದನ್ನು ಕುಡಿದ ಆರು ಜನರಲ್ಲಿ ಲಿವರಿಗೆ ಪೆಟ್ಟಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಅಮೃತಬಳ್ಳಿಯಲ್ಲ, ಅದನ್ನು ಹೋಲುವ ಬೇರೆ ಬಳ್ಳಿ ಇರಬಹುದು ಎಂದು ಆಯುಷ್ ಸಚಿವಾಲಯ ತಕರಾರು ತೆಗೆಯಿತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಬಂತು, ಅಮೃತಬಳ್ಳಿಯೇ ಕಾರಣವೆಂದು. ಕುಡಿದವರಿಗೆಲ್ಲ ಹೀಗಾಗುವುದಿಲ್ಲ, ಒಪ್ಪುತ್ತೇನೆ. ಆದರೆ 'ಗಿಡಮೂಲಿಕೆ ತಾನೆ, ಏನೂ ಆಗಲ್ಲ' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ದತ್ತೂರವೂ ಗಿಡವೇ. ಲಿವರ್ ತೊಳೆಯುವ ಜ್ಯೂಸು, ಲಿವರ್ ಶುದ್ಧಿ ಪುಡಿ ಅಂತ ಮಾರುವವರನ್ನು ಒಂದು ಕೇಳಬೇಕು: ಮೈಯ ವಿಷ ತೊಳೆಯುವ ಅಂಗವನ್ನೇ ತೊಳೆಯಲು ಹೊರಟಿದ್ದೀರಲ್ಲ, ಸೋಪಿಗೆ ಸೋಪು ಹಾಕುತ್ತೀರಾ?

ಚಿಕ್ಕಮ್ಮನ ಪ್ರಶ್ನೆಗೆ ಮಾತ್ರ ನೇರ ಉತ್ತರ ಕೊಡಬೇಕು. ಸ್ತನ ಕ್ಯಾನ್ಸರ್ ಲಿವರಿಗೆ ಹರಡುವುದು ಉಂಟು. ಆದರೆ ಈ ಟೆಸ್ಟ್ ಅದಕ್ಕೆ ಒಳ್ಳೆಯ ಪತ್ತೇದಾರ ಅಲ್ಲ. ಸಣ್ಣ ಗಡ್ಡೆಗಳಿದ್ದರೂ ಸಂಖ್ಯೆ ನಾರ್ಮಲ್ ಇರಬಹುದು, ಗಡ್ಡೆಯೇ ಇಲ್ಲದೆ ಸಂಖ್ಯೆ ಏರಬಹುದು. 1994ರಲ್ಲಿ ಇಟಲಿಯ ಒಂದು ಅಧ್ಯಯನ 1320 ಹೆಂಗಸರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಆಗಾಗ ರಕ್ತ ಪರೀಕ್ಷೆ, ಲಿವರ್ ಸ್ಕ್ಯಾನ್, ಮೂಳೆ ಸ್ಕ್ಯಾನ್. ಇನ್ನೊಂದಕ್ಕೆ ವೈದ್ಯರ ತಪಾಸಣೆ, ಮ್ಯಾಮೊಗ್ರಾಂ ಮತ್ತು ತೊಂದರೆ ಕಂಡಾಗ ಮಾತ್ರ ಟೆಸ್ಟ್. ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಲಕ್ಷಣವಿಲ್ಲದವರಿಗೆ ಸುಮ್ಮನೆ ಲಿವರ್ ಟೆಸ್ಟ್ ಬೇಡ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೂ ಹೇಳುತ್ತದೆ. ಸಂಖ್ಯೆ ಸಲದಿಂದ ಸಲಕ್ಕೆ ಏರುತ್ತಾ ಹೋದರೆ, ಹಸಿವು ಸತ್ತರೆ, ತೂಕ ಇಳಿದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ನಿಂತರೆ ಸ್ಕ್ಯಾನ್ ಮಾಡಿಯೇ ನೋಡಬೇಕು.

ಕಾಯಬಾರದ ಸಂದರ್ಭವೂ ಒಂದಿದೆ. ಔಷಧಿ ತಿನ್ನುವವರಲ್ಲಿ ಎಸ್‌ಜಿಪಿಟಿ ಮೂರು ಪಟ್ಟು ದಾಟಿ, ಜೊತೆಗೆ ಬಿಲಿರುಬಿನ್ ಎರಡು ಪಟ್ಟು ದಾಟಿದರೆ ಅಪಾಯ. ಹೈಮನ್ ಜಿಮ್ಮರ್‌ಮನ್ ಎಂಬ ವೈದ್ಯರು ಗಮನಿಸಿದ್ದು ಇದು. ಬೇರೆ ಕಾರಣವಿಲ್ಲದೆ ಹೀಗಾದವರಲ್ಲಿ ಸುಮಾರು ಹತ್ತರಲ್ಲೊಬ್ಬರ ಜೀವಕ್ಕೆ ಕುತ್ತು. ಭಟ್ಟರು ಬೀದಿಯಲ್ಲಿ, ಇಡ್ಲಿಯೂ ಬರುತ್ತಿಲ್ಲ. ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ, ಮಾತು ತಡವರಿಕೆ ಕಂಡರೆ ಅವತ್ತೇ ಆಸ್ಪತ್ರೆ. ನಾಟಿ ಔಷಧಿಯವರ ಮನೆ ಬಾಗಿಲಲ್ಲಿ ಬೆಳಗಿನ ಜಾವ ಕ್ಯೂ ನಿಲ್ಲುವ ಹೊತ್ತಲ್ಲ ಅದು.

ಚಿಕ್ಕಮ್ಮನಿಗೆ ಸ್ಕ್ಯಾನ್ ಆಯಿತು. ಫ್ಯಾಟಿ ಲಿವರ್, ಮೊದಲ ಹಂತ. ಗಡ್ಡೆ ಇಲ್ಲ. ಹೆಪಟೈಟಿಸ್ ಬಿ ಇಲ್ಲ. ವೈದ್ಯರು ಟ್ಯಾಮಾಕ್ಸಿಫೆನ್ ಮುಂದುವರಿಸಿ, ಕಷಾಯ ನಿಲ್ಲಿಸಿ, ದಿನಾ ನಡೆಯಲು ಹೇಳಿದರು. ಆರು ವಾರಕ್ಕೆ ಎಸ್‌ಜಿಪಿಟಿ 49. ಕಷಾಯ, ನಡಿಗೆ ಎರಡೂ ಒಟ್ಟಿಗೇ ಬದಲಾದದ್ದರಿಂದ ಯಾವುದರಿಂದ ಇಳಿಯಿತು ಎಂದು ಹೇಳಲು ಬರುವುದಿಲ್ಲ ಎಂದೆ. ಚಿಕ್ಕಮ್ಮನ ಪ್ರಕಾರ ಅದು ಸಂಜೆಯ ಬೋಂಡ ಬಿಟ್ಟಿದ್ದಕ್ಕೆ. ಪಕ್ಕದ ಮನೆಯವರ ಪ್ರಕಾರ, ಎರಡು ತಿಂಗಳು ಕುಡಿದ ಕಷಾಯ ಈಗ ಕೆಲಸ ಶುರು ಮಾಡಿದೆ.